ಕೋಡ್ ಹಾಕಿದರೂ ಸಂಪರ್ಕ ಸಿಗದಿದ್ದಾಗ

ಪ್ರಶ್ನೆ: ಮಂಡ್ಯದ ನಮ್ಮ ಕಚೇರಿಯ ಕಂಪ್ಯೂಟರನ್ನು ಮೈಸೂರಿನ ತಂತ್ರಜ್ಞರು ಕ್ವಿಕ್ ಅಸಿಸ್ಟ್ (ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರಿಗೆ ನೆರವಾಗಲು ಬಳಸುವ ಮೈಕ್ರೋಸಾಫ್ಟ್ ತಂತ್ರಾಂಶ) ಮೂಲಕ ಸರಿಪಡಿಸಲು ಯತ್ನಿಸಿದಾಗ, ಅವರು ಕೊಟ್ಟ ಕೋಡ್ ಹಾಕಿದ ಮೇಲೂ ಸಂಪರ್ಕ ಪೂರ್ಣವಾಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಬಳಸಿದರೆ ಮಾತ್ರ ಸಂಪರ್ಕ ಸಿಗುತ್ತದೆ. ಏನು ಮಾಡಬೇಕು?

ಉತ್ತರ: ಹಾಟ್‌ಸ್ಪಾಟ್‌ನಲ್ಲಿ ಸಂಪರ್ಕ ಸಿಗುತ್ತಿರುವುದರಿಂದ ದೋಷವು ಕಂಪ್ಯೂಟರಿನದಲ್ಲ, ಬಹುತೇಕ ಕಚೇರಿಯ ಫೈರ್‌ವಾಲ್ (ಜಾಲ ಸಂಪರ್ಕಗಳನ್ನು ತಡೆಯುವ ಅಥವಾ ಬಿಡುವ ಕಾವಲು ವ್ಯವಸ್ಥೆ) ಅಥವಾ ಪ್ರಾಕ್ಸಿಯದು (ಅಂತರ್ಜಾಲಕ್ಕೆ ಹೋಗುವ ಸಂಪರ್ಕಗಳನ್ನು ನಡುವೆ ನಿಂತು ಸಾಗಿಸುವ ಸರ್ವರ್). ಕ್ವಿಕ್ ಅಸಿಸ್ಟ್ 443ನೇ ಪೋರ್ಟ್ (ಜಾಲ ಸಂಪರ್ಕಕ್ಕೆ ಬಳಸುವ, ಸಂಖ್ಯೆಯಿಂದ ಗುರುತಿಸುವ ದ್ವಾರ) ಮೂಲಕ ಮೈಕ್ರೋಸಾಫ್ಟ್ ಸರ್ವರ್‌ಗಳನ್ನು ತಲುಪುತ್ತದೆ; ಸಾಮಾನ್ಯ ಜಾಲತಾಣಗಳು ತೆರೆಯುತ್ತಿದ್ದರೂ, ಆ ಸರ್ವರ್‌ಗಳ ವಿಳಾಸಗಳನ್ನು ಫೈರ್‌ವಾಲ್ ತಡೆದಿದ್ದರೆ ಸಂಪರ್ಕ ಅರ್ಧದಲ್ಲೇ ನಿಲ್ಲುತ್ತದೆ. ಅವುಗಳಿಗೆ ಅನುಮತಿ ನೀಡುವಂತೆ ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೋರಿ. ಅವಸರದಲ್ಲಿ ಯಾರಾದರೂ ರಿಮೋಟ್ ಡೆಸ್ಕ್‌ಟಾಪ್‌ನ (ದೂರದಿಂದ ಕಂಪ್ಯೂಟರ್ ಬಳಸಲು ವಿಂಡೋಸ್‌ನಲ್ಲಿರುವ ಇನ್ನೊಂದು ಸೌಲಭ್ಯ) 3389ನೇ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡಲು ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಪಾಸ್‌ವರ್ಡ್ ಊಹಿಸಿ ಒಳನುಗ್ಗುವವರು ಹುಡುಕುವುದು ಅದನ್ನೇ. ಅನುಮತಿ ದೊರೆಯುವವರೆಗೆ ಹಾಟ್‌ಸ್ಪಾಟನ್ನೇ ಬಳಸಿ.