ಸೋಲಾರ್ ಪಂಪ್ ಸರಿ, ಗದ್ದೆಯ ನೀರಿನ ಲೆಕ್ಕ?
ನಿಂತ ನೀರೇ ಮುಖ್ಯ ಕಾರಣ. ಸಿಂಧನೂರಿನ ಭತ್ತಕ್ಕೆ ಸೋಲಾರ್ ಪಂಪ್ ಹಾಕಿದ ಮೇಲೂ ಕಾರ್ಬನ್ ಯಾಕೆ ಇಳಿಯಲ್ಲ ಅಂತ ಕೇಳಿದ್ದೀರಲ್ಲ, ನೀರು ನಿಂತು ಗಾಳಿಯಾಡದ ಕೆಸರಿನಿಂದ ಮೀಥೇನ್ ಏಳುತ್ತೆ, ಕಾರ್ಬನ್ ಲೆಕ್ಕಕ್ಕೆ ಸೇರುವ, ಭೂಮಿ ಬಿಸಿಯೇರಿಸುವ ಅನಿಲ ಅದು, ಅದಕ್ಕೂ ಪಂಪ್‌ಗೂ ಸಂಬಂಧವಿಲ್ಲ. ಸೋಲಾರ್ ದಂಡ ಅಂತಲ್ಲ, ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳ ಕರೆಂಟು ಅಷ್ಟು ಉಳಿಯುತ್ತೆ ಅಲ್ವಾ.

ಮೀಥೇನ್ ಇಳಿಸೋಕೆ ಗದ್ದೆಯ ನೀರನ್ನು ಆಗಾಗ ಇಳಿಯಲು ಬಿಡಬೇಕು. ನಾಟಿಯಾಗಿ ಎರಡು ವಾರ ಕಳೆಯಲಿ. ಆಮೇಲೆ ಕೆಳಭಾಗಕ್ಕೆ ತೂತು ಕೊರೆದ 30 ಸೆಂ.ಮೀ. ಉದ್ದದ ಪೈಪನ್ನು ಅರ್ಧ ಹೂಳಿ, ಒಳಗಿನ ಮಣ್ಣು ತೆಗೆಯಿರಿ, ನೀರಿನ ಮಟ್ಟ ಅದರಲ್ಲಿ ಕಾಣುತ್ತೆ. ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ 5 ಸೆಂ.ಮೀ. ನಿಲ್ಲುವಷ್ಟು ಬಿಡಿ, ಮತ್ತೆ ಇಳಿಯಲಿ. ಹೂ ಬಿಡುವಾಗ ಮಾತ್ರ ಒಣಗಿಸಬೇಡಿ. ಮೀಥೇನ್ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯಬಹುದು, ಎಷ್ಟು ಅನ್ನೋದು ಮಣ್ಣಿನ ಗುಣವನ್ನು ಅವಲಂಬಿಸುತ್ತೆ. ಎರೆ ಭೂಮಿಯಾದರೆ ದೊಡ್ಡ ಬಿರುಕು ಬೀಳುವ ಮುಂಚೆಯೇ ನೀರು ಕೊಡಿ. ಕಾಲುವೆ ಸರದಿ ನಂಬಿ ಇದು ಕಷ್ಟ, ಮೊದಲು ಬೋರ್ ಇರೋ ಮಡಿಯಲ್ಲೇ ಶುರು ಮಾಡಿ.