36 ತಿಂಗಳ ಫೋನ್ ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮುಂಚೆ

ಒಂದು ವರ್ಷದ ಎಂ.ಎಸ್‌ಸಿ. ಓದಲು ಲೀಡ್ಸ್‌ಗೆ ಬಂದಿದ್ದೀರಿ, ತಂದ ಫೋನ್ ಸೋತಿದೆ, ಅಂಗಡಿಯಲ್ಲಿ ಐಫೋನ್, ಗೂಗಲ್‌ನ ಪಿಕ್ಸೆಲ್ ಎರಡೂ 36 ತಿಂಗಳ ಕಾಂಟ್ರಾಕ್ಟ್‌ನಲ್ಲಿ (ತಿಂಗಳ ಕಂತಿನ ಕರಾರು) ಸಿಗುತ್ತಿವೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಫೋನಿನ ಮಾತು ಆಮೇಲೆ. ಮೊದಲು ಆ 36 ತಿಂಗಳನ್ನು ನೋಡೋಣ.

ಬ್ರಿಟನ್‌ನಲ್ಲಿ ಸಿಮ್ ಕರಾರು 24 ತಿಂಗಳು ಮೀರುವಂತಿಲ್ಲ. 36 ಅಂತ ಹೇಳಿದರೆ ಅದು ಫೋನಿನ ಮೇಲಿನ ಸಾಲ. ನಿಮ್ಮ ಕೋರ್ಸ್ ಮುಗಿದ ಮೇಲೂ ಎರಡು ವರ್ಷ ಕಂತು ಉಳಿದಿರುತ್ತದೆ. ಆಗ ನೀವು ಇಲ್ಲೇ ಕೆಲಸದಲ್ಲಿರಬಹುದು, ಊರಿಗೆ ವಾಪಸ್ ಹೋಗಿರಲೂಬಹುದು, ಅಲ್ವಾ? ದೇಶ ಬಿಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ. ನಾಳೆ ಎಲ್ಲಿರುತ್ತೇವೆ ಅಂತ ಗೊತ್ತಿಲ್ಲದಾಗ ಇಷ್ಟು ಉದ್ದದ ಕಂತಿಗೆ ಕೈ ಹಾಕಬೇಡಿ. ನನ್ನ ಉತ್ತರದ ಮುಖ್ಯ ಮಾತು ಇದೇ.

ಕ್ರೆಡಿಟ್ ಚೆಕ್, ಅಂದರೆ ಹಿಂದೆ ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ತಪಾಸಣೆ, ಬೇರೆ ಇದೆ. ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಹಿಸ್ಟರಿಯೇ ಇರುವುದಿಲ್ಲ, ಹಾಗಾಗಿ ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯ. ಒಂದು ಕಡೆ ಆಗಲಿಲ್ಲ ಅಂತ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನವರು ಅದನ್ನೂ ನೋಡುತ್ತಾರೆ.

ಫೋನ್ ಬೇರೆ, ಸಿಮ್ ಬೇರೆ ತಗೊಳ್ಳಿ. ಸಿಮ್‌ಗೆ 30 ದಿನದ ಪ್ಲಾನ್ ಸಾಕು, ಬೇಡ ಅನ್ನಿಸಿದರೆ ಮುಂದಿನ ತಿಂಗಳೇ ಬಿಡಬಹುದು. ನಂಬರ್ ಹೋಗುತ್ತದೆ ಅನ್ನುವ ಚಿಂತೆಯೂ ಬೇಡ. 65085ಕ್ಕೆ ಇಂಗ್ಲಿಷ್‌ನಲ್ಲಿ 'PAC' ಅಂತ ಮೆಸೇಜ್ ಕಳಿಸಿದರೆ ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಹಳೇ ನಂಬರ್ ನಿಮ್ಮ ಜೊತೆಗೇ ಬರುತ್ತದೆ.

ಕಂತು ಅಗ್ಗವೋ ದುಬಾರಿಯೋ ನೀವೇ ಲೆಕ್ಕ ಹಾಕಿ. ಫೋನಿನ ಭಾಗ ಮಾತ್ರ ತಿಂಗಳಿಗೆ 28 ಪೌಂಡ್ ಅಂದುಕೊಳ್ಳಿ. 36 ತಿಂಗಳಿಗೆ 1,008 ಆಯಿತು. ಅದೇ ಫೋನ್ ಪೂರ್ತಿ ದುಡ್ಡು ಕೊಟ್ಟರೆ 799ಕ್ಕೆ ಸಿಗುವುದಾದರೆ 209 ಪೌಂಡ್ ಸುಮ್ನೆ ಹೋದ ಹಾಗೆ. ಅಷ್ಟು ದುಡ್ಡು ಒಟ್ಟಿಗೆ ಇಲ್ಲವಾದರೆ ವಾರಂಟಿ ಇರುವ ರಿಫರ್ಬಿಶ್ಡ್ ಫೋನ್, ಅಂದರೆ ರಿಪೇರಿ ಮಾಡಿ ಮತ್ತೆ ಮಾರುವ ಹಳೇ ಫೋನ್ ನೋಡಿ. ವಿದ್ಯಾರ್ಥಿಗೆ ನಾನು ಹೇಳುವುದೂ ಅದನ್ನೇ.

ಇನ್ನು ಯಾವ ಫೋನ್? ಕ್ಯಾಮೆರಾ ಎರಡರಲ್ಲೂ ಚೆನ್ನಾಗಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ದಿನ ಬರುತ್ತದೆ ಅಂತ ಕೇಳಿ. 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ತಯಾರಕರು ಆ ಅವಧಿಯನ್ನು ಹೇಳಲೇಬೇಕು. ಪಿಕ್ಸೆಲ್ 8ಕ್ಕೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ. ಅದು 2023ರ ಫೋನ್, ಆದ್ದರಿಂದ ಈಗ ಹಳೇದು ಕೊಂಡರೂ ಸಾಕಷ್ಟು ಕಾಲ ಬಾಳುತ್ತದೆ. ಎರಡು ಸಿಮ್ ನಡೆಯುತ್ತದೆಯೇ ಅಂತಲೂ ನೋಡಿ, ಒಂದು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಆದರೂ ಪರವಾಗಿಲ್ಲ. ಭಾರತದ ಬ್ಯಾಂಕಿನ ಒಟಿಪಿ ಹಳೇ ನಂಬರಿಗೇ ಬರುತ್ತದಲ್ಲ.

ಅಂಗಡಿಯಲ್ಲಿ ಇಟ್ಟಿರುವ ಫೋನನ್ನು ಕೈಗೆತ್ತಿಕೊಳ್ಳಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆಗೆ ಎಟುಕುತ್ತದೆಯೇ ನೋಡಿ. ಬಸ್ಸಿನಲ್ಲಿ ಇನ್ನೊಂದು ಕೈ ಕಂಬಿ ಹಿಡಿದಿರುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದರೆ ಅರ್ಧಕ್ಕೆ ಇಳಿಸಿ ಓದಿ. ಕನ್ನಡ ಕೀಬೋರ್ಡ್ ಹಾಕಿಕೊಂಡು ಅಮ್ಮನಿಗೆ ಕಳಿಸುವಂಥ ನಾಲ್ಕು ಸಾಲು ಬರೆಯಿರಿ, ಒತ್ತಕ್ಷರ ಬರುವ ಪದಗಳನ್ನೇ ಬರೆಯಿರಿ. ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಕನ್ನಡ ಕೀಬೋರ್ಡ್ ಇದೆ, ಆದರೆ ಬೆರಳಿಗೆ ಒಗ್ಗುವುದು ಒಬ್ಬೊಬ್ಬರಿಗೆ ಒಂದೊಂದು. ದಿನಾ ನೂರು ಸಲ ಮುಟ್ಟುವ ವಸ್ತು, ಹತ್ತು ನಿಮಿಷ ನಿಂತು ನೋಡಲು ಸಂಕೋಚ ಪಡಬೇಡಿ.

ಇಷ್ಟಾದ ಮೇಲೂ ಕಾಂಟ್ರಾಕ್ಟೇ ಬೇಕು ಅಂದರೆ ಅಂಗಡಿಯಲ್ಲಿ ಸಹಿ ಹಾಕಬೇಡಿ, ಆನ್‌ಲೈನ್‌ನಲ್ಲಿ ತಗೊಳ್ಳಿ. ಆಗ ಮನಸ್ಸು ಬದಲಾದರೆ ರದ್ದು ಮಾಡಲು 14 ದಿನ ಸಿಗುತ್ತದೆ. ಅಂಗಡಿಯಲ್ಲಿ ಕೊಂಡರೆ ಆ ಹಕ್ಕು ತಾನಾಗಿ ಬರುವುದಿಲ್ಲ. ಮಧ್ಯದಲ್ಲಿ ಬೆಲೆ ಏರಿಸುವುದಾದರೆ ಎಷ್ಟು ಅಂತ ಪೌಂಡ್, ಪೆನ್ಸ್‌ನಲ್ಲೇ ಮೊದಲೇ ತಿಳಿಸಬೇಕು ಅನ್ನುವ ನಿಯಮ 2025ರ ಜನವರಿ 17ರಿಂದ ಇದೆ. ಆ ಸಾಲನ್ನು ಹುಡುಕಿ ಓದಿ. ಅರ್ಥವಾಗದಿದ್ದರೆ ಫೋಟೋ ತೆಗೆದು ನನಗೆ ಕಳಿಸಿ, ಸಹಿ ಹಾಕುವ ಮುಂಚೆ ಒಟ್ಟಿಗೆ ನೋಡೋಣ.