ಮೇಲಿನ ಮನೆಗೂ ನಲ್ಲಿ ನೀರು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಊರಿನ ಅಂಚಿನ ಇಳಿಜಾರಿನಲ್ಲಿರುವ ಬಡಾವಣೆ, 38 ಮನೆ. ನಗರಸಭೆಯ ಪೈಪು ಕೆಳಗಿನ ರಸ್ತೆಗೆ ಬಂದು ನಿಂತಿದೆ, ದಿನಕ್ಕೆ ಎರಡು ಗಂಟೆ ನೀರು ಬಿಡುತ್ತಾರೆ. ಮನೆಗಿಷ್ಟು ಎಂದು ಹಣ ಹಾಕಿ 63 ಎಂ.ಎಂ. ಪೈಪನ್ನು 300 ಮೀಟರ್ ಎಳೆಸೋಣ ಎಂದು ಮಾತಾಗಿದೆ. ತುದಿಯ ಮನೆ ರಸ್ತೆಗಿಂತ ಸುಮಾರು 15 ಮೀಟರ್ ಮೇಲಿದೆ. ನೀರು ಹತ್ತುತ್ತದೆಯೇ?
(ಮಡಿಕೇರಿಯ ಓದುಗರು)

ಉತ್ತರ: 63 ಎಂ.ಎಂ. ಪೈಪಿನಲ್ಲಿ ಹತ್ತುವುದು ಅನುಮಾನ. ಹಣ ಎತ್ತುವ ಮೊದಲು ಎರಡು ಅಳತೆ ಕೈಯಲ್ಲಿರಲಿ. ಮೊದಲನೆಯದು ಎತ್ತರ. ಮೊಬೈಲಿನಲ್ಲಿ ನೋಡಿದ ಎತ್ತರವನ್ನು ನಂಬಬೇಡಿ, ಹಲವು ಮೀಟರ್ ಹೆಚ್ಚುಕಮ್ಮಿ ತೋರಿಸುತ್ತದೆ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಮನೆಯಿಂದ ಮನೆಗೆ ಅಳೆದುಕೊಂಡು ಹೋದರೆ ಸಾಕು. ಎರಡನೆಯದು ಒತ್ತಡ. ಕೆಳಗಿನ ಪೈಪಿನ ತುದಿಗೆ ಪ್ರೆಷರ್ ಗೇಜ್ ಹಾಕಿ, ನೀರು ಬಿಟ್ಟ ಹೊತ್ತಿನಲ್ಲಿ, ಸುತ್ತಲಿನ ಮನೆಗಳ ನಲ್ಲಿ ತೆರೆದಿರುವಾಗಲೇ ಓದಿ. ನಲ್ಲಿಗಳೆಲ್ಲ ಮುಚ್ಚಿದ್ದಾಗ ಕಾಣುವ ಅಂಕಿ ಯಾವಾಗಲೂ ಹೆಚ್ಚಿರುತ್ತದೆ, ಅದನ್ನು ನೆಚ್ಚಿ ಪೈಪು ಕೊಂಡವರು ಆಮೇಲೆ ಪರದಾಡುತ್ತಾರೆ.

ಗೇಜಿನಲ್ಲಿ ಒಂದು ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ಎಂದರೆ ನೀರನ್ನು ಸುಮಾರು 10 ಮೀಟರ್ ಎತ್ತರಕ್ಕೆ ಏರಿಸುವಷ್ಟು. ಗೇಜ್ 2.5 ತೋರಿಸಿತು ಎಂದುಕೊಳ್ಳಿ: 25 ಮೀಟರ್. ಅದರಲ್ಲಿ ಏರಿಗೆ 15 ಹೋಗಿ 10 ಉಳಿಯಿತು. ಒಂದೇ ಅಂತಸ್ತಿನ ಮನೆಗೆ ತುದಿಯಲ್ಲಿ 7 ಮೀಟರ್ ಒತ್ತಡ ಉಳಿಯಬೇಕು ಎಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಲೆಕ್ಕ, ಎರಡು ಅಂತಸ್ತಿಗೆ 12. ಅಂದರೆ 300 ಮೀಟರ್ ಪೈಪಿನೊಳಗೆ ಉಜ್ಜಿ ಕಳೆಯಲು ನಿಮಗಿರುವುದು ಮೂರೇ ಮೀಟರ್.

ಈಗ ನೀರಿನ ಲೆಕ್ಕ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 38 ಮನೆಗೆ 25,650 ಲೀಟರ್. ಅಷ್ಟೂ ಎರಡೇ ಗಂಟೆಯಲ್ಲಿ ಬರಬೇಕು, ಸೆಕೆಂಡಿಗೆ ಸುಮಾರು 3.5 ಲೀಟರ್. ಎಚ್‌ಡಿಪಿಇ (ಕಪ್ಪು ಪಾಲಿಥೀನ್) ಪೈಪಿನ ಅಳತೆ ಹೊರಗಿನದು ಎಂಬುದು ನೆನಪಿರಲಿ. 63ರ ಪೈಪಿಗೆ ಒಳವ್ಯಾಸ 55ರ ಆಸುಪಾಸು ಮಾತ್ರ, ಅದರಲ್ಲಿ ಇಷ್ಟು ನೀರು ಹರಿದರೆ ಪ್ರತಿ 100 ಮೀಟರಿಗೆ 4 ಮೀಟರಿಗೂ ಹೆಚ್ಚು ಒತ್ತಡ ಹೋಗುತ್ತದೆ. 75ರಲ್ಲಿ ಸುಮಾರು 1.9. 90ರಲ್ಲಿ 0.8ರ ಹತ್ತಿರ, ಒಟ್ಟು ಎರಡೂವರೆ ಮೀಟರಿನೊಳಗೆ ಮುಗಿಯುತ್ತದೆ. ಹಾಗಾಗಿ 90 ಎಂ.ಎಂ. ಹಾಕಿ. ದಾರಿಯುದ್ದಕ್ಕೂ ನೀರು ಹಂಚಿಹೋಗುವುದರಿಂದ ನಿಜವಾದ ನಷ್ಟ ಇಷ್ಟಿರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಮಾತು ಸರಿಯೇ. ಆದರೆ ನೀರು ಬಂದ ಮೊದಲ ಅರ್ಧ ಗಂಟೆಯಲ್ಲೇ ಎಲ್ಲರೂ ನಲ್ಲಿ ತಿರುಗಿಸುತ್ತಾರೆ, ಆ ಉಳಿತಾಯ ಅಲ್ಲೇ ಕರಗುತ್ತದೆ. ಗೇಜ್ 2.2ಕ್ಕಿಂತ ಕೆಳಗಿದ್ದರೆ ಪೈಪು ದಪ್ಪ ಮಾಡಿ ಪ್ರಯೋಜನವಿಲ್ಲ. ಕೆಳಗೊಂದು ಸಂಪು, ಮೇಲೊಂದು ಟ್ಯಾಂಕು, ನಡುವೆ ಪಂಪು, ಬೇರೆ ದಾರಿಯಿಲ್ಲ.

ಅಗೆಯುವ ಮೊದಲು ನಗರಸಭೆಯ ಎಂಜಿನಿಯರರಲ್ಲಿ ಒಂದು ಮಾತು ಕೇಳಿ: 2021ರ ಅಕ್ಟೋಬರಿನಲ್ಲಿ ಶುರುವಾದ, ಊರುಗಳಿಗೆ ನಲ್ಲಿ ನೀರು ಕೊಡುವ ಕೇಂದ್ರದ ಅಮೃತ್ 2.0 ಯೋಜನೆಯ ಅಂದಾಜಿನಲ್ಲಿ ನಿಮ್ಮ ಓಣಿ ಸೇರಿದೆಯೇ? ಸೇರಿದ್ದರೆ ನೀವು ಹಾಕುವ ಹಣ ದಂಡ. ಸೇರದಿದ್ದರೆ ನಕ್ಷೆಗೆ ಅವರ ಒಪ್ಪಿಗೆ ಪಡೆಯಿರಿ, ಕೆಲಸ ಮುಗಿದ ಮೇಲೆ ಪೈಪನ್ನು ಬರಹದಲ್ಲಿ ಅವರಿಗೆ ಒಪ್ಪಿಸಿ. ಒಪ್ಪಿಸದ ಪೈಪು ಒಡೆದರೆ ಯಾರೂ ತಿರುಗಿ ನೋಡುವುದಿಲ್ಲ.

ಸಮಿತಿಗಳು ಮುರಿಯುವುದು ಹಣ ಕಡಿಮೆ ಬಿದ್ದಾಗಲ್ಲ, ಪಾಲು ಹೇಗೆ ಎಂಬುದನ್ನು ಬರೆದಿಡದಿದ್ದಾಗ. ಮುಖ್ಯ ಪೈಪಿನ ಖರ್ಚು ಕೆಳಗಿನ ಮನೆಗೂ ಮೇಲಿನ ಮನೆಗೂ ಸಮಪಾಲು. ಅಲ್ಲಿಂದ ಮನೆವರೆಗಿನ ಪೈಪು, ಮುಖ್ಯ ಪೈಪಿಗೆ ಬಿಗಿಯುವ ಸ್ಯಾಡಲ್ ಪಟ್ಟಿ, ಅಲ್ಲಿಂದ ಮನೆಗೆ ನೀರು ಬಿಡುವ ಫೆರೂಲ್ ಎಂಬ ಸಣ್ಣ ಬಿಡಿಭಾಗ, ಮೀಟರು ಅವರವರ ಖರ್ಚು. ಈಗ ಹಣ ಕೊಡದೆ ಎರಡು ವರ್ಷದ ಮೇಲೆ ಬರುವವರು ಎಷ್ಟು ಕೊಡಬೇಕು ಎಂಬುದೂ ಮೊದಲ ದಿನವೇ ಪುಸ್ತಕದಲ್ಲಿರಲಿ. ಬ್ಯಾಂಕ್ ಖಾತೆ ಜಂಟಿಯಾಗಿರಲಿ, ಸಹಿ ಮಾಡುವವರಲ್ಲಿ ಒಬ್ಬರಾದರೂ ತುದಿಯ ಮನೆಯವರಾಗಿರಲಿ. ನೀರು ಬಾರದಿದ್ದರೆ ಮೊದಲು ಕೂಗುವವರು ಅವರೇ.

ಡಿಸೆಂಬರ್–ಫೆಬ್ರವರಿಯಲ್ಲಿ ಕಾಫಿ ಕುಯ್ಲು, ಆಳು ಸಿಗುವುದು ಕಷ್ಟ. ಜೂನ್ ಬಂದರೆ ಪೈಪಿಗೆ ಅಗೆದ ಕಾಲುವೆಯ ಮಣ್ಣೇ ಕೊಚ್ಚಿ ಹೋಗುತ್ತದೆ. ಉಳಿದದ್ದು ಮಾರ್ಚ್, ಏಪ್ರಿಲ್. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದ ದಿನ ಎಚ್‌ಡಿಪಿಇ ಬೆಸುಗೆ ಮಾಡಿಸಬೇಡಿ, ಪೈಪಿನ ತುದಿ ಕರಗಿಸುವ ಕಾದ ತಟ್ಟೆಯ ಮೇಲೆ ಹನಿ ಬಿದ್ದರೆ ಜೋಡಣೆ ಕಚ್ಚುವುದಿಲ್ಲ. ಮಣ್ಣು ಮುಚ್ಚುವಾಗ ಜೋಡಣೆಗಳನ್ನು ಮಾತ್ರ ತೆರೆದಿಟ್ಟು, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸಿ. ಪೈಪು ಹಿಗ್ಗುವುದರಿಂದ ಗೇಜ್ ಮೊದಲಿಗೆ ಸ್ವಲ್ಪ ಇಳಿಯುತ್ತದೆ. ಮತ್ತೆ ಏರಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಸೋರಿಕೆಯ ಸಂಶಯ ಪಡಿ. ಅತಿ ಎತ್ತರದ ಜಾಗದಲ್ಲಿ ಏರ್ ವಾಲ್ವ್, ಅತಿ ತಗ್ಗಿನಲ್ಲಿ ಕೆಸರು ಹೊರಬಿಡುವ ವಾಲ್ವ್ ಇರಲೇಬೇಕು.

ಪ್ರಶ್ನೆ: ಪಕ್ಕದ ಮನೆಯವರು ನಲ್ಲಿ ಪೈಪಿಗೇ ಮೋಟರ್ ಹಾಕಿದ್ದಾರೆ. ನಮಗೆ ನೀರೇ ಇಲ್ಲ.
(ಕುಶಾಲನಗರದ ಓದುಗರು)

ಉತ್ತರ: ನೀರು ಕಡಿಮೆಯಾಗುವುದು ಇದರ ಸಣ್ಣ ತೊಂದರೆ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಕುಸಿಯುತ್ತದೆ, ಸಡಿಲವಾದ ಜೋಡಣೆಯಿಂದ ಚರಂಡಿ ನೀರು ಒಳಗೆ ನುಗ್ಗುತ್ತದೆ. ಮೋಟರ್ ಹಾಕಿದವರೂ ಅದನ್ನೇ ಕುಡಿಯುತ್ತಾರೆ. ಅವರಿಗೆ ಮೋಟರ್ ಬೇಕೇ ಬೇಕೆಂದಾದರೆ ನಲ್ಲಿ ನೀರು ನೆಲಮಟ್ಟದ ಸಂಪಿಗೆ ತಾನಾಗಿ ಬೀಳಲಿ, ಸಂಪಿಗೆ ಫ್ಲೋಟ್ ವಾಲ್ವ್ ಇರಲಿ, ಅಲ್ಲಿಂದ ಎತ್ತಿಕೊಳ್ಳಲಿ. ಓಣಿಯ ಎಲ್ಲರ ಫೆರೂಲ್ ಒಂದೇ ಅಳತೆಯದಿದೆಯೇ ನೋಡಿ, ಜಗಳ ಹೆಚ್ಚಾಗಿ ಅಲ್ಲಿಂದಲೇ ಹುಟ್ಟುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ಮೀಟರು ಹಾಕಿ 24 ಗಂಟೆ ನೀರು ಕೊಟ್ಟರು. ಸದಾ ಒತ್ತಡವಿದ್ದರೆ ಮೋಟರಿಗೂ ಕೆಲಸವಿಲ್ಲ, ಚರಂಡಿ ನೀರಿಗೂ ದಾರಿಯಿಲ್ಲ.

ಪ್ರಶ್ನೆ: ಪ್ರತಿ ಮಳೆಗಾಲದಲ್ಲಿ ನಮ್ಮ ಇಳಿಜಾರಿನ ಪಿವಿಸಿ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಅಂಟು ಕಳಪೆಯೇ?
(ವಿರಾಜಪೇಟೆಯ ಓದುಗರು)

ಉತ್ತರ: ಅಂಟಿಗಿಂತ ಮಣ್ಣಿನ ಮೇಲೆ ಸಂಶಯ ಬರಬೇಕು. ನೆಲ ನೆನೆದು ಕೊಂಚ ಜಾರಿದರೂ ಬಿಗಿ ಪೈಪು ಬಾಗುವುದಿಲ್ಲ, ಜೋಡಣೆ ಕಳಚುತ್ತದೆ. ಕಳಚಿದಲ್ಲಿ ಸೋರಿದ ನೀರು ಅದೇ ಇಳಿಜಾರನ್ನು ಇನ್ನಷ್ಟು ನೆನೆಸುತ್ತದೆ. 2018ರ ಆಗಸ್ಟಿನ ಭೂಕುಸಿತ ನೋಡಿದ ಕೊಡಗು ಜಿಲ್ಲೆಯಲ್ಲಿ ಇದನ್ನು ಬರೀ ಪ್ಲಂಬರ್ ಕೆಲಸ ಎಂದು ಬಿಡಬಾರದು. ಅಷ್ಟು ಉದ್ದಕ್ಕೆ ಬೆಸೆದ ಎಚ್‌ಡಿಪಿಇ ಹಾಕಿಸಿ, ಇಳಿಜಾರಿನ ಮೇಲ್ತುದಿಯಲ್ಲಿ ಕೈಗೆ ಸಿಗುವಂತೆ ಗೇಟ್ ವಾಲ್ವ್ ಇಡಿಸಿ. ವಾರಕ್ಕೊಮ್ಮೆ ರಾತ್ರಿ ನೀರಿರುವಾಗ ಎಲ್ಲರೂ ನಲ್ಲಿ ಮುಚ್ಚಿ, ಓಣಿಯ ಮೊದಲಲ್ಲಿ ಒಂದು ಮೀಟರಿದ್ದರೆ ಅದರ ಮುಳ್ಳು ನೋಡಿ. ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ನೆಲದಲ್ಲಿ ಬಿರುಕು ಕಂಡರೆ ಪೈಪಿನ ಮಾತು ಆಮೇಲೆ, ಮೊದಲು ವಾಲ್ವ್ ಮುಚ್ಚಿ, ಆಡಳಿತಕ್ಕೆ ತಿಳಿಸಿ.

ಪ್ರಶ್ನೆ: ಜೂನ್‌ನಿಂದ ಕೆಂಪು ನೀರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
(ಸೋಮವಾರಪೇಟೆಯ ಓದುಗರು)

ಉತ್ತರ: ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂ ಹೊಸ ಪೌಡರ್, ಬಕೆಟ್ಟಿನಲ್ಲಿ ಕಲಸಿ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಿ. ಕೆಂಪು ನೀರಿಗೆ ನೇರ ಹಾಕಿದರೆ ಕೆಸರೇ ಕ್ಲೋರಿನ್ ನುಂಗುತ್ತದೆ. ನೀರು ಬಂದ ಮೊದಲ ಕೆಲವು ನಿಮಿಷ ಹೊರಗೆ ಬಿಡಿ, ಉಳಿದದ್ದನ್ನು ತಂಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್. ಕುಡಿಯುವುದನ್ನು ಕುದಿಸಿಬಿಡಿ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಓಣಿಗೊಂದು ಪರೀಕ್ಷಾ ಕಿಟ್ ಸಾಕು, ತುದಿಯ ಮನೆಯಲ್ಲಿ ನೋಡಿ.

ಪ್ರಶ್ನೆ: ನಗರಸಭೆ ನೀರು ಬಂದಿದೆ. ಹಳೆಯ ಬಾವಿಯ ಪೈಪನ್ನೂ ಅದಕ್ಕೇ ಜೋಡಿಸಿ, ನಡುವೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ಹಾಕಿದರೆ ಸಾಲದೇ?
(ಮಡಿಕೇರಿಯ ಓದುಗರು)

ಉತ್ತರ: ಸಾಲದು. ಎನ್‌ಆರ್‌ವಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ಬಾವಿ ನೀರು ಇಡೀ ಓಣಿಗೆ ಹೋಗುತ್ತದೆ. ಬಾವಿಯನ್ನು ಬಿಡಬೇಡಿ, ತೋಟಕ್ಕೆ, ಬಟ್ಟೆಗೆ ಬೇರೆ ಪೈಪಿನಲ್ಲಿ ಬಳಸಿ. ಎರಡೂ ಒಂದೇ ಟ್ಯಾಂಕಿಗೆ ಬೀಳಲೇಬೇಕಿದ್ದರೆ ಆ ಟ್ಯಾಂಕಿನದು ಕುಡಿಯುವ ನೀರಲ್ಲ ಎಂದೇ ತಿಳಿಯಿರಿ. ನಗರಸಭೆ ಪೈಪಿನ ಬಾಯಿ ಟ್ಯಾಂಕು ತುಂಬಿ ಹರಿಯುವ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ, ಎಂದೂ ನೀರಿನಲ್ಲಿ ಮುಳುಗಬಾರದು.